ಒದ್ದಾಡಿ ಸತ್ತ ಮೀನಿನ ಮಾಂಸವೇಕೆ ಮೆದು?

ಬೆಂಗಳೂರು: ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಬೆರಳಿನಿಂದ ಒತ್ತಿ ನೋಡುತ್ತಾರೆ. ಕಿವಿರು ಕೆಂಪಗಿದ್ದು, ಕಣ್ಣು ಹೊಳೆಯುತ್ತಿದ್ದು, ಒತ್ತಿದ ಜಾಗ ಮತ್ತೆ ತುಂಬಿಕೊಂಡರೆ ಮೀನು ತಾಜಾ ಎಂದು ಲೆಕ್ಕ. ಈ ಪರೀಕ್ಷೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಮೀನು ಸತ್ತು ಎಷ್ಟು ಹೊತ್ತಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಆ ಮೀನು ಎಂಥ ನೀರಿನಲ್ಲಿ ಬೆಳೆಯಿತು, ಬಲೆಯಲ್ಲಿ ಎಷ್ಟು ಹೊತ್ತು ಸೆಣಸಿತು, ಹೇಗೆ ಸತ್ತಿತು ಎಂಬ ಸಂಗತಿಗಳನ್ನು ಹೇಳುವುದಿಲ್ಲ. ತಟ್ಟೆಗೆ ಬರುವ ತುಂಡಿನ ಬಿಗುವು ಮತ್ತು ರುಚಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಸಂಗತಿಗಳೇ ಎನ್ನುತ್ತದೆ ಮೀನು ವಿಜ್ಞಾನ.

ಇದು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಓ) ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸಾಕಣೆಯಿಂದ ಬಂದ ಜಲಜೀವಿಗಳ ಪ್ರಮಾಣ ಮೊದಲ ಬಾರಿಗೆ ಹಿಡಿದು ತಂದ ಪ್ರಮಾಣವನ್ನು ಮೀರಿತು. ಭಾರತದ ಒಟ್ಟು ಮೀನು ಉತ್ಪಾದನೆ 2022-23ರಲ್ಲಿ ಸುಮಾರು 175 ಲಕ್ಷ ಟನ್. ಅದರಲ್ಲಿ ಮುಕ್ಕಾಲು ಪಾಲು ಒಳನಾಡಿನದು. ಸಮುದ್ರದಿಂದ ದೂರವಿರುವ ಬೆಂಗಳೂರು, ಮೈಸೂರು, ದಾವಣಗೆರೆ, ಕಲಬುರಗಿಯ ಗ್ರಾಹಕರು ಕೊಳ್ಳುವ ಕಟ್ಲಾ, ರೋಹು, ಸಾಮಾನ್ಯ ಗೆಂಡೆ, ಪಂಗಾಸಿಯಸ್, ತಿಲಾಪಿಯಾಗಳಲ್ಲಿ ಬಹಳಷ್ಟು ಯಾರೋ ಮರಿ ಬಿಟ್ಟು, ಆಹಾರ ಹಾಕಿ ಬೆಳೆಸಿದವು. ಅಂದರೆ ಅವುಗಳ ಬದುಕೂ ಸಾವೂ ಮನುಷ್ಯನ ಕೈಯಲ್ಲಿವೆ.

ಇಷ್ಟಕ್ಕೂ ಮೀನಿಗೆ ನೋವಾಗುತ್ತದೆಯೇ?

ಈ ಪ್ರಶ್ನೆಗೆ ವಿಜ್ಞಾನಿಗಳು ಒಂದೇ ಉತ್ತರ ಕೊಟ್ಟಿಲ್ಲ. ಮೀನಿನ ಮಿದುಳಿನಲ್ಲಿ ಮನುಷ್ಯನಿಗಿರುವಂಥ ನಿಯೋಕಾರ್ಟೆಕ್ಸ್ ಎಂಬ ಹೊರಪದರ ಇಲ್ಲ, ಆದ್ದರಿಂದ ಅದು ಪ್ರತಿಕ್ರಿಯಿಸುತ್ತದೆಯೇ ಹೊರತು ನೋವನ್ನು ಅನುಭವಿಸುವುದಿಲ್ಲ ಎಂದು ಅಮೆರಿಕದ ಜೇಮ್ಸ್ ರೋಸ್ 2002ರಲ್ಲಿ ವಾದಿಸಿದ್ದರು. ಮರುವರ್ಷವೇ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವಿನ ಪ್ರಚೋದನೆಯನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ತುಟಿಯನ್ನು ತೊಟ್ಟಿಯ ತಳದ ಜಲ್ಲಿಗೆ ಉಜ್ಜಿಕೊಂಡವು, ಆಹಾರ ಬಿಟ್ಟವು. ಮಾರ್ಫಿನ್ ಕೊಟ್ಟಾಗ ಆ ವರ್ತನೆ ತಗ್ಗಿತು. ಅಂದಿನಿಂದ ಇಂದಿನವರೆಗೆ ಪುರಾವೆಯ ತೂಕ ಸ್ನೆಡನ್ ಅವರ ಕಡೆಗೇ ವಾಲುತ್ತ ಬಂದಿದೆ ಎನ್ನಬಹುದು. ವಾದ ಮುಗಿದಿಲ್ಲ.

ಆದರೆ ನೋವಿನ ಪ್ರಶ್ನೆಯನ್ನು ಬದಿಗಿಟ್ಟರೂ ಒತ್ತಡದ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಅಟ್ಟಿಸಿಕೊಂಡು ಹೋದಾಗ, ಕಿಕ್ಕಿರಿದಾಗ, ನೀರಿನಿಂದ ಎತ್ತಿದಾಗ ಮೀನಿನ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರುತ್ತದೆ. ಗಾಬರಿಗೊಂಡ ಮನುಷ್ಯನಲ್ಲಿ ಏರುವುದೂ ಇದೇ. ಮಾಂಸದ ಕಥೆ ಆರಂಭವಾಗುವುದು ಇಲ್ಲಿಂದ.

ಸ್ನಾಯುವಿನ ಉಳಿತಾಯ ಖಾತೆ

ಮೀನಿನ ಮೈಯ ಬಹುಭಾಗ ಬಿಳಿ ಸ್ನಾಯು. ಇದು ನಿಧಾನವಾಗಿ ಈಜಾಡುವುದಕ್ಕಲ್ಲ, ಶತ್ರು ಕಂಡಾಗ ಚಿಮ್ಮಿ ಓಡುವುದಕ್ಕೆ ಮೀಸಲಾದುದು. ಇಂಥ ಓಟಕ್ಕೆ ರಕ್ತ ತಂದುಕೊಡುವ ಆಮ್ಲಜನಕ ಸಾಲುವುದಿಲ್ಲ. ಹಾಗಾಗಿ ಸ್ನಾಯು ತನ್ನೊಳಗೆ ಕೂಡಿಟ್ಟಿರುವ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನನ್ನು ಆಮ್ಲಜನಕವಿಲ್ಲದೆಯೇ ಒಡೆದು ಎಟಿಪಿ ಎಂಬ ಶಕ್ತಿಕಣಗಳನ್ನು ತಯಾರಿಸುತ್ತದೆ. ಹಿಂದೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಕಾಡಿನ ಹೊಳೆಯಲ್ಲಾದರೆ ಮೀನು ಅರ್ಧ ನಿಮಿಷ ಓಡಿ ಬಂಡೆಯ ಮರೆ ಸೇರಿ ಸುಧಾರಿಸಿಕೊಳ್ಳುತ್ತದೆ. ಎಳೆಬಲೆಯೊಳಗೆ ಅಂಥ ಮರೆ ಇಲ್ಲ. ಅದು ಓಡುತ್ತಲೇ ಇರುತ್ತದೆ, ದಾಸ್ತಾನು ಖಾಲಿಯಾಗುತ್ತಲೇ ಇರುತ್ತದೆ.

ಮೀನು ಸತ್ತ ಮೇಲೆಯೂ ಸ್ನಾಯು ತಕ್ಷಣ ಸಾಯುವುದಿಲ್ಲ. ಉಳಿದ ಗ್ಲೈಕೊಜನ್ ಬಳಸಿ ಇನ್ನೂ ಕೆಲಕಾಲ ಎಟಿಪಿ ತಯಾರಿಸುತ್ತದೆ. ಸ್ನಾಯುವಿನ ಎಳೆಗಳು ಒಂದರ ಮೇಲೊಂದು ಜಾರಿ ಬಿಡಿಸಿಕೊಳ್ಳಲು ಎಟಿಪಿ ಬೇಕು. ಅದು ಮುಗಿದಾಗ ಎಳೆಗಳು ಕಚ್ಚಿಕೊಂಡು ಬಿಡುತ್ತವೆ, ಮೀನು ಕಟ್ಟಿಗೆಯಂತೆ ಸೆಟೆಯುತ್ತದೆ. ಆಮೇಲೆ ಕಿಣ್ವಗಳ ಕೆಲಸದಿಂದ ಮತ್ತೆ ಸಡಿಲಗೊಳ್ಳುತ್ತದೆ. ಸೆಟೆಯುವವರೆಗಿನ ಹೊತ್ತು ಮತ್ತು ಸೆಟೆದುಕೊಂಡಿರುವ ಹೊತ್ತು ಉದ್ದವಾದಷ್ಟೂ ಮೀನು ಕೆಡುವುದು ತಡವಾಗುತ್ತದೆ. ಎಫ್‌ಎಓ 1995ರಲ್ಲಿ ಪ್ರಕಟಿಸಿದ ತಾಂತ್ರಿಕ ಕೈಪಿಡಿಯೊಂದು ಕಾಡ್ ಮೀನಿನ ಲೆಕ್ಕ ಕೊಡುತ್ತದೆ. ಶೂನ್ಯ ಡಿಗ್ರಿಯಲ್ಲಿಟ್ಟಾಗ, ಬಳಲಿ ಸತ್ತ ಕಾಡ್ 2ರಿಂದ 8 ಗಂಟೆಗಳಲ್ಲಿ ಸೆಟೆದರೆ, ಬಳಲದೆ ಸತ್ತದ್ದು ಸೆಟೆಯಲು 14-15 ಗಂಟೆ ತೆಗೆದುಕೊಂಡಿತು. ಮೊದಲನೆಯದರ ಸೆಟೆತ 20ರಿಂದ 65 ಗಂಟೆಯೊಳಗೆ ಬಿಟ್ಟುಹೋದರೆ ಎರಡನೆಯದರದು 72ರಿಂದ 96 ಗಂಟೆಯವರೆಗೆ ಉಳಿಯಿತು. ಒಂದೇ ಜಾತಿ, ಒಂದೇ ಐಸು. ವ್ಯತ್ಯಾಸವಿದ್ದದ್ದು ಕೊನೆಯ ಗಳಿಗೆಗಳಲ್ಲಿ ಮಾತ್ರ.

ಬೇಗ ಸೆಟೆಯುವುದರ ಜತೆಗೆ ಇನ್ನೊಂದು ತೊಂದರೆಯಿದೆ. ಮೀನಿನ ಮೈಯಿನ್ನೂ ತಣ್ಣಗಾಗದಿರುವಾಗಲೇ ಆಮ್ಲ ತುಂಬಿಕೊಂಡರೆ ಸ್ನಾಯುವಿನ ಪ್ರೋಟೀನುಗಳು ರೂಪಗೆಡುತ್ತವೆ. ನೀರನ್ನು ಹಿಡಿದಿಟ್ಟುಕೊಳ್ಳುವ ಅವುಗಳ ಶಕ್ತಿ ಕುಂದುತ್ತದೆ. ತುಂಡರಿಸಿದ ಮೀನಿನಿಂದ ತಟ್ಟೆಗೆ ನೀರು ಇಳಿಯುವುದು, ಬೇಯಿಸಿದಾಗ ಒಣಗಿದಂತೆ ಆಗುವುದು, ಒತ್ತಿದರೆ ಹಿಂಡಿದ ಹತ್ತಿಯಂತೆ ಮೆದುವಾಗುವುದು ಇದರಿಂದಲೇ. ಮೀನಿನ ಸ್ನಾಯು ಹಾಳೆಹಾಳೆಯಾಗಿ ಜೋಡಿಸಿಟ್ಟಂತಿದ್ದು, ನಡುವೆ ತೆಳ್ಳನೆಯ ಪೊರೆಗಳಿರುತ್ತವೆ. ಬಿರುಸಾಗಿ ಸೆಟೆದಾಗ ಈ ಪೊರೆಗಳು ಹರಿದು, ಹಾಳೆಗಳ ನಡುವೆ ಬಿರುಕು ಬಾಯಿ ತೆರೆಯುತ್ತದೆ. ಮುಳ್ಳು ತೆಗೆದ ಹೋಳುಗಳನ್ನು ಮಾರುವ ಕಾರ್ಖಾನೆಗಳಿಗೆ ಇದು ನೇರ ನಷ್ಟ. ಬಿರುಕುಬಿಟ್ಟ ಹೋಳಿಗೆ ಬೆಲೆ ಇಲ್ಲ.

ಹಲವು ದಿನ ಹಸಿದು, ಕಾಯಿಲೆ ಬಿದ್ದು, ಪದೇ ಪದೇ ಬಲೆಗೆ ಸಿಕ್ಕಿ ಸೊರಗಿದ ಮೀನಿನದು ಇದಕ್ಕೆ ತದ್ವಿರುದ್ಧ ಸ್ಥಿತಿ. ಅದರ ದಾಸ್ತಾನು ಮೊದಲೇ ಬರಿದಾಗಿರುವುದರಿಂದ ಸತ್ತ ಮೇಲೆ ಆಮ್ಲ ಬೇಕಾದಷ್ಟೂ ಹುಟ್ಟುವುದಿಲ್ಲ. ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಅದು ಹಿತವಾದ ನೆಲ.

ರುಚಿಯ ಮಾತಿಗೂ ಇದೇ ಎಟಿಪಿ ಕೀಲಿಕೈ. ಅದು ಒಡೆಯುತ್ತ ಹೋಗುವ ದಾರಿಯಲ್ಲಿ ಐಎಂಪಿ ಎಂಬ ವಸ್ತು ಸಿಗುತ್ತದೆ. ಮೀನಿನ ಸಾರಿಗೆ ಒಗ್ಗುವ ಆ ತುಂಬಿದ ರುಚಿ ಇದರದೇ ಎಂಬುದನ್ನು ಜಪಾನಿನ ಶಿಂತಾರೊ ಕೊಡಾಮಾ 1913ರಲ್ಲೇ ಒಣಮೀನಿನ ಅಧ್ಯಯನದಿಂದ ಕಂಡುಕೊಂಡಿದ್ದರು. ಐಎಂಪಿ ಇನ್ನೂ ಒಡೆದರೆ ಕೊನೆಗೆ ಸಿಗುವ ಹೈಪೊಜ್ಯಾಂಥಿನ್ ಕಹಿ. ಬಳಲಿದ ಮೀನು ಈ ದಾರಿಯನ್ನು ಸಾಯುವ ಮೊದಲೇ ನಡೆಯಲಾರಂಭಿಸಿರುತ್ತದೆ.

ಬಹುಶಃ ಇದನ್ನೆಲ್ಲ ವಿಜ್ಞಾನಕ್ಕಿಂತ ಮೊದಲು ಕಂಡುಕೊಂಡವರು ಜಪಾನಿನ ಬೆಸ್ತರು. ಇಕೆಜಿಮೆ ಎಂಬ ಅವರ ಪದ್ಧತಿಯಲ್ಲಿ ಮೀನನ್ನು ನೀರಿನಿಂದ ಎತ್ತಿದ ಕೂಡಲೇ ಮಿದುಳಿಗೆ ಮೊನೆಯೊಂದನ್ನು ಚುಚ್ಚಿ, ರಕ್ತ ಬಸಿದು, ಬೆನ್ನುಹುರಿಯ ನಾಳದೊಳಗೆ ತಂತಿ ತೂರಿಸುತ್ತಾರೆ. ನೋಡುವವರಿಗೆ ಕ್ರೂರವೆನಿಸಬಹುದು. ಆದರೆ ಮಿದುಳು ಕ್ಷಣದಲ್ಲಿ ನಿಲ್ಲುತ್ತದೆ, ಬೆನ್ನುಹುರಿ ನಾಶವಾಗುವುದರಿಂದ ಸತ್ತ ಮೇಲಿನ ಅದುರಾಟವೂ ನಿಲ್ಲುತ್ತದೆ, ಎಟಿಪಿ ಉಳಿಯುತ್ತದೆ. ಹಸಿಮೀನು ತಿನ್ನುವ ದೇಶದಲ್ಲಿ ಬಿಗುವಾದ ಮಾಂಸಕ್ಕೆ ಹೆಚ್ಚು ಹಣ ಕೊಡುವ ಗ್ರಾಹಕರಿದ್ದಾರೆ. ಕರುಣೆಯಿಂದ ಹುಟ್ಟಿದ ಪದ್ಧತಿಯಲ್ಲದಿದ್ದರೂ ಫಲ ಮಾತ್ರ ಕರುಣೆಯದೇ.

ನಸುಕಿನ ನೀರು

ಸಾವಿನ ಗಳಿಗೆಗೆ ಬರುವ ಮೊದಲು ತಿಂಗಳುಗಟ್ಟಲೆ ಬದುಕಿದೆ. ಸಾಕಣೆ ಕೊಳದ ಮೀನಿಗೆ ಎಲ್ಲಕ್ಕಿಂತ ದೊಡ್ಡ ಸಂಕಟ ಉಸಿರಿನದು. ಹಗಲು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೊಳೆ ಎಲ್ಲವೂ ಸೇರಿ ಅದನ್ನು ಹೀರುತ್ತವೆ. ನಸುಕಿನ ನಾಲ್ಕೈದು ಗಂಟೆಯ ಹೊತ್ತಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ತೀರಾ ಕೆಳಗಿಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆಗಳು ನೆಮ್ಮದಿಯಾಗಿರುತ್ತವೆ. 3ಕ್ಕಿಂತ ಇಳಿದರೆ ಮೇಲೆ ಬಂದು ಬಾಯಿ ತೆರೆಯುತ್ತವೆ. ಮೋಡ ಕವಿದ ದಿನದ ಮರುದಿನ ಬೆಳಗ್ಗೆ ಕೊಳದ ಬಳಿ ಹೋಗಲು ಮೀನು ಕೃಷಿಕರು ಅಂಜುವುದು ಇದಕ್ಕಾಗಿಯೇ. ವರ್ಷದ ಗಂಜಿ ಒಂದು ರಾತ್ರಿಯಲ್ಲಿ ತೇಲಬಹುದು. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡ ಸೇರಿದಾಗ ಆಮ್ಲಜನಕದ ಕುಸಿತವೇ ಕಾರಣವೆಂದು ಹೇಳಲಾಗಿತ್ತು. ಅಲ್ಲಿಗೆ ಕೊಳಚೆ ನೀರು ಹರಿದುಬಂದದ್ದು ಬೇರೆ ಕಥೆ.

ಸಾಯುವ ಮೀನು ಎಲ್ಲರ ಕಣ್ಣಿಗೆ ಬೀಳುತ್ತದೆ. ಸಾಯದೆ ಅರ್ಧ ಉಸಿರಿನಲ್ಲಿ ಬದುಕುವುದು ಬೀಳುವುದಿಲ್ಲ. ಅದು ಮೇವು ಸರಿಯಾಗಿ ತಿನ್ನದು, ತಿಂದದ್ದು ಮೈಗೆ ಹತ್ತದು, ರೋಗ ಬೇಗ ತಗಲುತ್ತದೆ. ಆಗ ಔಷಧಿ ಬರುತ್ತದೆ. ಕಿಕ್ಕಿರಿದ ಸಾಕಣೆಗೂ ಆ್ಯಂಟಿಬಯಾಟಿಕ್ ಬಳಕೆಗೂ ನಂಟಿರುವುದು ಹೀಗೆ.

ಎಷ್ಟು ಮೀನು ಬಿಟ್ಟರೆ ಕಿಕ್ಕಿರಿದಂತೆ ಎಂಬುದಕ್ಕೆ ಸರಳ ಉತ್ತರವಿಲ್ಲ. ನಾರ್ವೆಯಲ್ಲಿ ಸಾಲ್ಮನ್ ಬೆಳೆಸುವ ಕಡಲ ಪಂಜರಗಳಿಗೆ ಒಂದು ಘನ ಮೀಟರ್ ನೀರಿಗೆ 25 ಕಿಲೋ ಮೀನು ಎಂಬ ಮಿತಿಯಿದೆ. ನಮ್ಮ ಕಡೆಯ ಸಾಂಪ್ರದಾಯಿಕ ಕೊಳಗಳಲ್ಲಿ ಹೆಕ್ಟೇರಿಗೆ 5ರಿಂದ 10 ಸಾವಿರ ಮರಿ ಬಿಡುವುದು ವಾಡಿಕೆ. ಕಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಜಾಗಕ್ಕೆ ಜಗಳ ಕಡಿಮೆ. ಇದಕ್ಕೆ ಹೋಲಿಸಿದರೆ ಟಾರ್ಪಾಲಿನ ತೊಟ್ಟಿಗಳಲ್ಲಿ ಮಾಡುವ ಬಯೋಫ್ಲಾಕ್ ಸಾಕಣೆ ದಟ್ಟಣೆಯ ಸಾಕಣೆ. ಅಲ್ಲಿ ವಿದ್ಯುತ್ ಹೋಗಿ ಗಾಳಿಯಂತ್ರ ನಿಂತರೆ ಕೆಲವೇ ಹೊತ್ತಿನಲ್ಲಿ ತೊಟ್ಟಿಯೆಲ್ಲ ಮುಗಿಯಬಹುದು.

ಆಂಧ್ರದ ಕೊಲ್ಲೇರು ಸುತ್ತಲಿನ ಸಾಕಣೆದಾರರ ಒಂದು ರೂಢಿ ಇಲ್ಲಿ ಹೇಳತಕ್ಕದ್ದು. ಅವರು ಮರಿಗಳನ್ನು ಮೊದಲು ಬೇಕೆಂದೇ ಇಕ್ಕಟ್ಟಾಗಿ, ಅರೆಹೊಟ್ಟೆಯಲ್ಲಿಟ್ಟು ಬೆಳವಣಿಗೆ ತಡೆಯುತ್ತಾರೆ. ಬಳಿಕ ವಿಶಾಲ ಕೊಳಕ್ಕೆ ಬಿಟ್ಟಾಗ ಆ ಮರಿಗಳು ಕಳೆದುಕೊಂಡದ್ದನ್ನು ತುಂಬಿಕೊಳ್ಳುವಂತೆ ವೇಗವಾಗಿ ಬೆಳೆಯುತ್ತವೆ. ಲೆಕ್ಕಾಚಾರಕ್ಕೆ ಇದು ಅಚ್ಚುಕಟ್ಟಾದ ಉಪಾಯ. ಮೀನಿನ ಕಡೆಯಿಂದ ನೋಡಿದರೆ ಬಾಲ್ಯವೆಲ್ಲ ಹಸಿವು.

ಇನ್ನು ಮಣ್ಣಿನ ವಾಸನೆ. ಕೆರೆಮೀನನ್ನು ಹಲವರು ದೂರವಿಡುವುದಕ್ಕೆ ಇದೇ ಕಾರಣ. ಕೊಳೆತು ಪಾಚಿಗಟ್ಟಿದ ನೀರಿನಲ್ಲಿ ಕೆಲವು ನೀಲಿಹಸಿರು ಪಾಚಿಗಳು ಮತ್ತು ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಉತ್ಪಾದಿಸುತ್ತವೆ. ಅದು ಕಿವಿರಿನ ಮೂಲಕ ಒಳಹೊಕ್ಕು ಮೀನಿನ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಮೊದಲ ಮಳೆ ಬಿದ್ದಾಗ ಏಳುವ ಘಮ ಇದೇ ವಸ್ತುವಿನದು. ನೆಲದಿಂದ ಬಂದರೆ ಕವಿತೆಯಾಗುವುದು ಸಾರಿನಿಂದ ಬಂದರೆ ದೂರಾಗುತ್ತದೆ! ಹುಣಸೆಹುಳಿಯಿಂದ ಅದನ್ನು ತಕ್ಕಮಟ್ಟಿಗೆ ತಗ್ಗಿಸಬಹುದು. ಹಿಡಿಯುವ ಮೊದಲು ಮೀನನ್ನು ಕೆಲವು ದಿನ ಶುದ್ಧವಾದ ಹರಿಯುವ ನೀರಿನಲ್ಲಿ ಬಿಟ್ಟರೆ ತಾನಾಗಿ ಇಳಿದುಹೋಗುತ್ತದೆ. ಒಳ್ಳೆಯ ನೀರು ಮೀನಿಗೂ ಹಿತ, ತಿನ್ನುವವರಿಗೂ ಹಿತ ಎಂಬುದಕ್ಕೆ ಇದಕ್ಕಿಂತ ನೇರ ನಿದರ್ಶನ ಸಿಗುವುದಿಲ್ಲ.

ಐಸಿನೊಳಗಿನ ಹತ್ತು ನಿಮಿಷ

ನಮ್ಮಲ್ಲಿ ಸಾಕಣೆ ಮೀನು ಸಾಯುವ ಬಗೆ ಸಾಮಾನ್ಯವಾಗಿ ಹೀಗಿದೆ: ಎಳೆಬಲೆಯಿಂದ ದಡಕ್ಕೆ ತಂದು, ಪ್ಲಾಸ್ಟಿಕ್ ಕ್ರೇಟುಗಳಿಗೆ ತುಂಬಿ, ತೂಕ ಹಾಕಿ, ಐಸು ಸುರಿದು ಲಾರಿಗೇರಿಸುವುದು. ಅಡಿಯಲ್ಲಿರುವುದು ಮೇಲಿನವುಗಳ ಭಾರಕ್ಕೆ, ಮೇಲಿನದು ಗಾಳಿಯಲ್ಲಿ ಉಸಿರುಕಟ್ಟಿ ಸಾಯುತ್ತವೆ. ಕೆರೆ, ಜಲಾಶಯಗಳಲ್ಲಿ ರಾತ್ರಿ ಬಿಟ್ಟ ಗಿಲ್‌ನೆಟ್‌ಗೆ ಸಿಕ್ಕ ಮೀನು ಬೆಳಗಿನವರೆಗೆ ಸೆಣಸುತ್ತಲೇ ಇರುತ್ತದೆ. ಮಾಂಸದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಸಾವಿಲ್ಲ.

ಉಸಿರುಕಟ್ಟಿ ಸಾಯಲು ಎಷ್ಟು ಹೊತ್ತು ಬೇಕು? ಬ್ರಿಟನ್ನಿನ ಸಂಶೋಧಕರು 1991ರಲ್ಲಿ ಟ್ರೌಟ್ ಮೀನಿನ ಮಿದುಳಿನ ಸಂಕೇತಗಳನ್ನು ಅಳೆದಾಗ, 20 ಡಿಗ್ರಿ ತಾಪಮಾನದಲ್ಲಿ ಗಾಳಿಗಿಟ್ಟ ಮೀನು 2.6 ನಿಮಿಷದಲ್ಲಿ ಪ್ರಜ್ಞೆ ಕಳೆದುಕೊಂಡಿತು. 2 ಡಿಗ್ರಿಯಲ್ಲಿ ಅದಕ್ಕೆ 9.6 ನಿಮಿಷ ಬೇಕಾಯಿತು. ಚಳಿಯಲ್ಲಿ ದೇಹದ ವ್ಯಾಪಾರವೆಲ್ಲ ನಿಧಾನವಾಗುವುದರಿಂದ ಸಾವೂ ನಿಧಾನ. 2025ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು, ಉಸಿರುಕಟ್ಟಿ ಸಾಯುವ ಒಂದು ಟ್ರೌಟ್ ಸರಾಸರಿ 10 ನಿಮಿಷ ಮಧ್ಯಮದಿಂದ ತೀವ್ರ ಸ್ವರೂಪದ ಯಾತನೆ ಪಡುತ್ತದೆ ಎಂದು ಅಂದಾಜಿಸಿದೆ.

ಟ್ರೌಟ್ ತಣ್ಣೀರಿನ, ಆಮ್ಲಜನಕ ಹೆಚ್ಚು ಬೇಡುವ ಮೀನು. ಸಾಮಾನ್ಯ ಗೆಂಡೆ ಹಾಗಲ್ಲ, ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಗಾಳಿಯನ್ನೇ ಉಸಿರಾಡಬಲ್ಲ ಕೊರವ, ಕ್ಯಾಟ್‌ಫಿಶ್‌ಗಳಂತೂ ಗಂಟೆಗಟ್ಟಲೆ. ಬೆಚ್ಚನೆಯ ನೀರಿನ ಮೀನನ್ನು ಐಸಿಗೆ ಹಾಕಿದಾಗ ಅದು ಬೇಗ ಅಲುಗಾಡದಂತಾಗುತ್ತದೆ, ನಿಜ. ಆದರೆ ಅಲುಗಾಡದಿರುವುದು ಪ್ರಜ್ಞೆ ಹೋಗಿದೆ ಎಂಬುದಕ್ಕೆ ಪುರಾವೆಯಲ್ಲ ಎಂಬ ಎಚ್ಚರಿಕೆ ಮೀನು ವಿಜ್ಞಾನಿಗಳದು. ಐಸು ಬೇಡವೆಂದಲ್ಲ. ಅದಿಲ್ಲದೆ ಮೀನು ವ್ಯಾಪಾರವೇ ಇಲ್ಲ. 2018ರಲ್ಲಿ ಕೇರಳ, ಗೋವಾಗಳಲ್ಲಿ ಫಾರ್ಮಾಲಿನ್ ಹಗರಣ ಎದ್ದಾಗ ಐಸಿನ ಕೆಲಸವನ್ನು ರಾಸಾಯನಿಕಕ್ಕೆ ಒಪ್ಪಿಸಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ತಿಳಿಯಿತು. ಪ್ರಶ್ನೆಯಿರುವುದು ಐಸು ಸತ್ತ ಮೀನಿಗೋ ಸಾಯಿಸುವುದಕ್ಕೋ ಎಂಬುದರಲ್ಲಿ.

ಮೊದಲು ಪ್ರಜ್ಞೆ ತಪ್ಪಿಸಿ, ಬಳಿಕ ರಕ್ತ ಬಸಿದು, ಆನಂತರ ಐಸಿಗಿಡುವುದು ಬೇರೆಡೆ ಕಂಡುಕೊಂಡಿರುವ ದಾರಿ. ಯಂತ್ರದಿಂದ ತಲೆಗೊಂದು ಬಲವಾದ ಪೆಟ್ಟು, ಇಲ್ಲವೇ ನೀರಿನಲ್ಲೇ ವಿದ್ಯುತ್ ಹಾಯಿಸುವುದು ಇದರ ಎರಡು ವಿಧಾನಗಳು. ಬ್ರಿಟನ್, ನಾರ್ವೆಗಳ ಸಾಲ್ಮನ್ ಉದ್ಯಮದಲ್ಲಿ ಇದು ಮಾಮೂಲು. ನೀರಿಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪ್ರಜ್ಞೆ ತಪ್ಪಿಸುವ ಹಳೆಯ ವಿಧಾನದಲ್ಲಿ ಮೀನು ಹುಚ್ಚೆದ್ದು ಒದ್ದಾಡುವುದರಿಂದ ನಾರ್ವೆ ಅದನ್ನು ನಿಷೇಧಿಸಿದೆ. ಚೆಕ್ ದೇಶದಲ್ಲಿ ಕ್ರಿಸ್‌ಮಸ್ ಮುನ್ನಾದಿನಗಳಲ್ಲಿ ಬೀದಿಯ ತೊಟ್ಟಿಗಳಿಂದ ಜೀವಂತ ಸಾಮಾನ್ಯ ಗೆಂಡೆ ಮಾರುವ ವಾಡಿಕೆಯಿದೆ. ಗ್ರಾಹಕ ಬಯಸಿದರೆ ಅಲ್ಲೇ ತಲೆಗೆ ಬಡಿದು ಕೊಡುತ್ತಾರೆ. ಅದಕ್ಕೆ ಬೇಕಾದ್ದು ಮರದ ಕೊಡತಿ ಮತ್ತು ಪಳಗಿದ ಕೈ. ಯಂತ್ರವೇ ಬೇಕೆಂದಿಲ್ಲ.

ಹಿತವೂ ರುಚಿಯೂ ಸದಾ ಜತೆಯಲ್ಲಿಲ್ಲ

ಮೀನಿಗೆ ಒಳ್ಳೆಯದಾದದ್ದೆಲ್ಲ ಮಾಂಸಕ್ಕೂ ಒಳ್ಳೆಯದು ಎಂದು ಹೇಳಿಬಿಟ್ಟರೆ ಕೇಳಲು ಇಂಪಾಗಿರುತ್ತದೆ, ನಿಜವಾಗಿರುವುದಿಲ್ಲ. ಜೀವಂತ ಮೀನನ್ನು ಐಸು ನೀರಿಗೆ ಹಾಕುವುದರಿಂದ ಮೈ ಬೇಗ ತಣ್ಣಗಾಗಿ ಮಾಂಸ ಚೆನ್ನಾಗಿಯೇ ಉಳಿಯಬಹುದು. ಪ್ರಜ್ಞೆಯಿರುವಾಗಲೇ ಕಿವಿರು ಕೊಯ್ದು ರಕ್ತ ಬಸಿದರೂ ಮಾಂಸ ಬೆಳ್ಳಗಾಗುತ್ತದೆ. ಹಿಡಿಯುವ ಮೊದಲು ಒಂದೆರಡು ದಿನ ಉಪವಾಸವಿಟ್ಟರೆ ಕರುಳು ಖಾಲಿಯಾಗಿ, ನೀರು ಕೊಳೆಯಾಗದೆ, ಸಾಗಣೆಯಲ್ಲಿ ಮೀನಿಗೂ ಅನುಕೂಲ, ಸ್ವಚ್ಛತೆಗೂ ಅನುಕೂಲ. ಅದನ್ನೇ ವಾರಗಟ್ಟಲೆ ಎಳೆದರೆ ಹಿಂಸೆ. ವಿದ್ಯುತ್ ಪ್ರಮಾಣ ತಪ್ಪಿದರೆ ಬೆನ್ನುಮೂಳೆ ಮುರಿದು ಮಾಂಸದಲ್ಲಿ ರಕ್ತದ ಕಲೆಗಳು ಉಳಿಯುತ್ತವೆ. ಕಡಿಮೆಯಾದರೆ ಇನ್ನೂ ಕೇಡು, ಮೀನು ಸ್ತಬ್ಧವಾಗಿದ್ದೂ ಎಚ್ಚರವಾಗಿರಬಹುದು.

ಬೆಂಗಳೂರಿನಂಥ ನಗರಗಳಲ್ಲಿ ಹೆಚ್ಚುತ್ತಿರುವ ಜೀವಂತ ಮೀನಿನ ಮಾರಾಟ ಈ ಗೊಂದಲಕ್ಕೆ ಒಳ್ಳೆಯ ಉದಾಹರಣೆ. ಕಣ್ಣೆದುರಿಗೇ ಕೊಯ್ದು ಕೊಟ್ಟದ್ದರಿಂದ ಇದಕ್ಕಿಂತ ತಾಜಾ ಇಲ್ಲ ಎಂಬುದು ಗ್ರಾಹಕರ ನಂಬಿಕೆ. ಫಾರ್ಮಾಲಿನ್ ಭಯವಿಲ್ಲ ಎಂಬುದಂತೂ ಸರಿ. ಆದರೆ ಆ ಮೀನು ಕೊಳದಿಂದ ಹಿಡಿಸಿಕೊಂಡು, ಲಾರಿಯ ತೊಟ್ಟಿಯಲ್ಲಿ ಕುಲುಕಾಡಿ, ಅಂಗಡಿಯ ಇಕ್ಕಟ್ಟಿನ ತೊಟ್ಟಿಯಲ್ಲಿ ತನ್ನದೇ ಅಮೋನಿಯಾದ ನಡುವೆ ನಿಂತು ಬಂದಿರುತ್ತದೆ. ಇಷ್ಟೆಲ್ಲ ಆದ ಮೇಲೆ ಹಲವೆಡೆ ತಕ್ಕಡಿಯ ಮೇಲೆ ಒದ್ದಾಡುತ್ತಿರುವಾಗಲೇ ಪೊರೆ ಹೆರೆಯುವುದೂ ಉಂಟು. ಜೀವಂತ ಎಂಬ ಮಾತ್ರಕ್ಕೆ ಉತ್ತಮ ಎನ್ನಲಾಗದು.

ಕಾಯ್ದೆ ಏನು ಹೇಳುತ್ತದೆ?

ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಮನುಷ್ಯನ ಹೊರತಾಗಿ ಯಾವುದೇ ಜೀವಂತ ಪ್ರಾಣಿಯೂ ‘ಪ್ರಾಣಿ’ಯೇ. ಮೀನು ಅದರ ಹೊರಗಿಲ್ಲ. ಆದರೆ ಆಹಾರಕ್ಕಾಗಿ ಕೊಲ್ಲುವ ಬಗೆಯನ್ನು ವಿವರಿಸುವ 2001ರ ಕಸಾಯಿಖಾನೆ ನಿಯಮಗಳು ರೂಪುಗೊಂಡಿದ್ದು ದನ, ಕುರಿ, ಮೇಕೆ, ಕೋಳಿಗಳನ್ನು ಕಣ್ಣಮುಂದಿಟ್ಟುಕೊಂಡು. ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಹಸಿವು, ಭಯ, ನೋವು ಮೊದಲಾದವುಗಳಿಂದ ಮುಕ್ತಿ ಎಂಬ ‘ಐದು ಸ್ವಾತಂತ್ರ್ಯ’ಗಳನ್ನು ಪ್ರಾಣಿಗಳ ಹಕ್ಕಾಗಿ ಗುರುತಿಸಿತು. ಅದನ್ನು ಮೀನಿನ ಕೊಳದವರೆಗೆ ಯಾರೂ ಒಯ್ದಂತಿಲ್ಲ. ಜರ್ಮನಿಯಲ್ಲಿ ಮೀನನ್ನು ಕೊಲ್ಲುವ ಮುನ್ನ ಪ್ರಜ್ಞೆ ತಪ್ಪಿಸುವುದು ಕಾನೂನಿನ ಕಡ್ಡಾಯ. ಭಾರತವೂ ಸದಸ್ಯನಾಗಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಜಲಚರ ಸಂಹಿತೆಯಲ್ಲಿ ಸಾಕಣೆ ಮೀನಿನ ಸಾಗಣೆ ಮತ್ತು ಕೊಲ್ಲುವಿಕೆಯ ಬಗ್ಗೆ ಪ್ರತ್ಯೇಕ ಅಧ್ಯಾಯಗಳಿವೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಐಸು ಘಟಕ, ಶೀತಲ ವಾಹನ, ಜೀವಂತ ಮೀನು ಮಾರಾಟ ಕೇಂದ್ರಗಳಿಗೆ ಸಹಾಯಧನ ಒದಗಿಸಿತು. ಬೇಕಾದ ಕೆಲಸವೇ. ಬಲೆ ಎಳೆಯುವುದಕ್ಕೂ ಐಸು ಸುರಿಯುವುದಕ್ಕೂ ನಡುವಿನ ಹತ್ತು ನಿಮಿಷದ ಬಗ್ಗೆ ಮಾತ್ರ ಚರ್ಚೆಯೇ ಕಡಿಮೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲೇ ಮಂಗಳೂರಿನಲ್ಲಿ ಆರಂಭವಾದದ್ದು. ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಬೆಂಗಳೂರಿನ ಹೆಸರಘಟ್ಟದಲ್ಲಿದೆ. ಕಟ್ಲಾ, ರೋಹುವಿಗೆ ಯಾವ ವಿಧಾನ ತಕ್ಕುದು, ಎಷ್ಟು ಖರ್ಚು ಎಂದು ಕಂಡುಹಿಡಿಯಲು ಬೇಕಾದ ವಿದ್ಯೆಗೆ ರಾಜ್ಯದಲ್ಲಿ ಬರವಿಲ್ಲ.

ಬರವಿರುವುದು ಬೆಲೆಗೆ. ಮುತುವರ್ಜಿಯಿಂದ ಹಿಡಿದ ಮೀನಿಗೂ ರಾಶಿ ಹಾಕಿ ಸಾಯಿಸಿದ ಮೀನಿಗೂ ಸಗಟು ಮಾರುಕಟ್ಟೆಯಲ್ಲಿ ಒಂದೇ ದರ. ಅಲ್ಲಿ ನೋಡುವುದು ಗಾತ್ರವನ್ನು. ಮುಳ್ಳಿನ ಸಮೇತ ತುಂಡರಿಸಿ, ಖಾರ ಹುಳಿ ಹಾಕಿ ಕುದಿಸುವ ನಮ್ಮ ಅಡುಗೆಯಲ್ಲಿ ಬಿರುಕುಬಿಟ್ಟ ಮಾಂಸ ಎದ್ದು ಕಾಣುವುದೂ ಇಲ್ಲ. ಹಾಗೆಂದು ಕೃಷಿಕರಿಗೆ ಲಾಭವೇ ಇಲ್ಲವೆಂದಲ್ಲ. ನಸುಕಿನ ತಂಪಿನಲ್ಲಿ ಬಲೆ ಎಳೆಯುವುದು, ಒಂದೇ ಸಲಕ್ಕೆ ಇಡೀ ಕೊಳ ಜಾಲಾಡದೆ ಬೇಕಾದಷ್ಟನ್ನೇ ಹಿಡಿಯುವುದು, ಬಲೆಯೊಳಗಿರುವಾಗ ಗಾಳಿಯಂತ್ರ ಓಡಿಸುವುದು, ಕ್ರೇಟು ತೀರಾ ತುಂಬದಿರುವುದು ಇವಕ್ಕೆ ಹೆಚ್ಚಿನ ಬಂಡವಾಳ ಬೇಡ. ಪೊರೆ ಕಿತ್ತು, ಮೈ ಕಂದಿ ಬಿಸಾಡುವ ಮೀನಿನ ಪ್ರಮಾಣ ಇದರಿಂದ ಇಳಿಯುತ್ತದೆ, ದೂರದ ಊರು ತಲುಪುವವರೆಗೆ ಮಾಲು ತಡೆಯುತ್ತದೆ.

ಜೀವಂತ ಮೀನು ಕೊಳ್ಳುವವರು ತೊಟ್ಟಿಯನ್ನೊಮ್ಮೆ ನೋಡಬಹುದು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ನೀರಿನ ಮೇಲೆ ನೊರೆ ನಿಂತಿದ್ದರೆ, ರೆಕ್ಕೆಗಳು ಹರಿದಿದ್ದರೆ ಅಂಥ ಅಂಗಡಿಯ ಮೀನು ದುಬಾರಿ ಬೆಲೆಗೆ ತಕ್ಕುದಲ್ಲ. ಆರಿಸಿದ ಮೀನಿನ ಪೊರೆ ಹೆರೆಯುವ ಮೊದಲು ತಲೆಗೆ ಪೆಟ್ಟು ಕೊಟ್ಟು ಕೊಲ್ಲುವಂತೆ ಕೇಳಿದರೆ ಅಂಗಡಿಯವರಿಗೆ ತಗಲುವುದು ಕೆಲವು ಸೆಕೆಂಡು.